ಅತ್ತೆ ಮುಚ್ಚಿದ ಮಗ್ಗದ ಗುಂಡಿ

ಭಾವ ಬಳ್ಳಾರಿ ಜೈಲಿನಲ್ಲಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಮಾತು ದೇವರ ಹೆಸರಿನಂತೆ ಓಡಾಡುತ್ತಿತ್ತು: ಹೇಬಿಯಸ್ ಕಾರ್ಪಸ್. ಅಪ್ಪ ಅದನ್ನು ಹೇಬಿಯಸ್ಸು ಎಂದು ಮೊಟಕು ಮಾಡಿಕೊಂಡಿದ್ದರು. ಅವ್ವ ಉಚ್ಚರಿಸುವ ಗೋಜಿಗೇ ಹೋಗದೆ ‘ಆ ಅರ್ಜಿ’ ಅನ್ನುತ್ತಿದ್ದಳು. ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ ಆದ್ದರಿಂದ ಅದರ ಒಳಹೊರಗು ನನಗೆ ಗೊತ್ತಿರಬೇಕೆಂದು ಎಲ್ಲರ ನಂಬಿಕೆ. ಚಳ್ಳಕೆರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು ಬರೆಸಿದ್ದು ನೆನಪಿತ್ತು: ಅಕ್ರಮವಾಗಿ ಹಿಡಿದಿಟ್ಟ ಮನುಷ್ಯನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಆಜ್ಞೆ. ಪರೀಕ್ಷೆಯಲ್ಲಿ ಅಷ್ಟು ಬರೆದು ಪಾಸಾಗಿದ್ದೆ. ಜೈಲಿನಲ್ಲಿರುವ ನಮ್ಮ ಮನುಷ್ಯನಿಗೆ ಅದು ಎಷ್ಟು ದೂರ ಕೈ ಚಾಚುತ್ತದೆ, ಎಲ್ಲಿ ನಿಂತುಬಿಡುತ್ತದೆ ಅನ್ನುವುದನ್ನು ಯಾವ ಮೇಷ್ಟ್ರೂ ಬರೆಸಿರಲಿಲ್ಲ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಾವು ನೇಯುವವರು. ಅಪ್ಪ ಮೊಳಕಾಲ್ಮೂರಿನ ಮಗ್ಗ ಬಿಟ್ಟು ಚಳ್ಳಕೆರೆಗೆ ಬಂದು ಬಟ್ಟೆ ಅಂಗಡಿ ಇಟ್ಟಿದ್ದರು. ಅಕ್ಕನನ್ನು ಮಾತ್ರ ತಿರುಗಿ ಮೊಳಕಾಲ್ಮೂರಿಗೇ, ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟರು. ಆ ಮನೆಯಲ್ಲಿ ಭಾವ ಮತ್ತು ಅವರ ತಾಯಿ ಇಬ್ಬರೇ. ಆಕೆಯನ್ನು ಅಕ್ಕನ ಹಾಗೆ ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಹೊತ್ತು ಅದು. ಅಕ್ಕ ಹೆರಿಗೆಗೆಂದು ಚಳ್ಳಕೆರೆಗೆ ಬಂದವಳು ಹೆಣ್ಣುಮಗು ಹೆತ್ತಿದ್ದಳು. ನಾಮಕರಣಕ್ಕೆ ಅತ್ತೆಯನ್ನು ಕರೆದುಕೊಂಡು ಬರಲು ನಾನು ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ.

ಭಾವನದು ಗುಂಡಿ ಮಗ್ಗ. ನೆಲದಲ್ಲಿ ತೊಡೆಯುದ್ದ ಆಳದ ಗುಂಡಿ, ಅದರ ಅಂಚಿಗೆ ಕಲ್ಲು ಚಪ್ಪಡಿ. ನೇಯುವವರು ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಅವತ್ತು ಬೆಳಿಗ್ಗೆ ಒಂದು ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ಕೊನೆಯ ಸೀರೆಯನ್ನು ಕತ್ತರಿಸಿ ಇಳಿಸಿದ್ದರು. ಹೊಸ ಹಾಸು ಇನ್ನೂ ಏರಿರಲಿಲ್ಲ. ಮಗ್ಗ ಹಾಗೆ ಖಾಲಿ ಇರುವಾಗ ಧೂಳು ಬೀಳದಿರಲೆಂದು ಗುಂಡಿಯ ಮೇಲೆ ಈಚಲು ಚಾಪೆ ಹಾಸುವುದು ನಮ್ಮಲ್ಲಿ ವಾಡಿಕೆ. ನಮ್ಮ ಮಕ್ಕಳು ನಡೆಯಲು ಕಲಿಯುವಾಗಲೇ ಆ ಚಾಪೆಯನ್ನು ತುಳಿಯದೆ ಸುತ್ತಿಕೊಂಡು ಹೋಗಲು ಕಲಿಯುತ್ತವೆ.

ಪಕ್ಕದ ಮನೆಯನ್ನು ಕೊಂಡಿದ್ದವನು ನೇಯ್ಗೆಯವನಲ್ಲ. ಮಗ್ಗಕ್ಕೆ ಬೆಳಕು ಸಾಲದೆಂದು ಭಾವ ನಡುಗೋಡೆಯಲ್ಲಿ ಒಂದು ಕಿಟಕಿ ಒಡೆಸಿದ್ದರು. ಅದು ತನ್ನ ಗೋಡೆ ಎಂದು ಅವನ ತಕರಾರು. ತಿಂಗಳುಗಟ್ಟಲೆ ಬಾಯಿಜಗಳ ನಡೆದಿತ್ತು. ಅವತ್ತು ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದಾಗ ಅವನು ಮಚ್ಚು ಹಿಡಿದು ಒಳಗೆ ಬಂದ.

ನಾನು ಅಡಿಗೆಮನೆಯ ಹೊಸ್ತಿಲಲ್ಲಿದ್ದೆ. ಮೊದಲ ಏಟು ಮಗ್ಗದ ಕಂಬಕ್ಕೆ ಬಿತ್ತು. ಮರ ಸೀಳಿದ ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಭಾವ ಗೋಡೆಗೆ ಒತ್ತಿ ನಿಂತಿದ್ದರು. ಅವರ ಕೈ ಬರಿದಾಗಿತ್ತು. ನಾನು ಕಿರುಚಿದೆನೇನೋ, ಅವನು ನನ್ನ ಕಡೆ ತಿರುಗಿದ. ಒಂದು ಗಳಿಗೆ ಆ ಮಚ್ಚು ನನಗಾಗಿಯೇ ಎತ್ತಿದ ಹಾಗಿತ್ತು. ಭಾವ ‘ಆ ಹುಡುಗಿ ತಂಟೆಗೆ ಹೋಗಬೇಡ, ನಾನಿಲ್ಲಿದೀನಿ’ ಅಂದರು. ಅವನು ಮತ್ತೆ ಅವರ ಮೇಲೆ ಏರಿ ಹೋಗಲು ರಭಸದಿಂದ ತಿರುಗಿ ಚಾಪೆಯ ಮೇಲೆ ಕಾಲಿಟ್ಟ. ಚಾಪೆ ಸಮೇತ ಹಿಂದಕ್ಕೆ ಬಿದ್ದ. ತಲೆಯ ಹಿಂಭಾಗ ಕಲ್ಲಿನ ಅಂಚಿಗೆ ಬಡಿಯಿತು. ಅಷ್ಟೇ. ಭಾವ ಅವನನ್ನು ಮುಟ್ಟಲೂ ಇಲ್ಲ.

ಮುಟ್ಟಿದ್ದು ಆಮೇಲೆ. ನಾವಿಬ್ಬರೂ ಸೇರಿ ಅವನನ್ನು ಗುಂಡಿಯಿಂದ ಮೇಲೆತ್ತಿದೆವು. ಬಾಗಿಲ ಬಳಿ ಗಾಳಿಗೆ ಮಲಗಿಸಿ ಬಾಯಿಗೆ ನೀರು ಬಿಟ್ಟೆವು. ಪಕ್ಕದಲ್ಲೇ ಬಿದ್ದಿದ್ದ ಸೀರೆ ಸುತ್ತುವ ಮರದ ದಿಂಡಿಗೂ ರಕ್ತ ತಗುಲಿತು. ಅವನ ಮನೆಯವರು ಓಡಿಬಂದಾಗ ಕಂಡದ್ದು ಅಷ್ಟು: ನೆಲದ ಮೇಲೆ ಮಲಗಿದ ಮನುಷ್ಯ, ರಕ್ತದ ದಿಂಡು, ಅದರ ಪಕ್ಕ ನನ್ನ ಭಾವ. ಬಳ್ಳಾರಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವನು ತೀರಿಕೊಂಡ. ಅವನಿಗೂ ಹೆಂಡತಿಯಿದ್ದಳು. ಅವಳು ಹೇಳಿದ ಸಾಕ್ಷಿಯನ್ನು ನಾನು ಸುಳ್ಳು ಎನ್ನುವುದಿಲ್ಲ. ಅವಳು ಕಂಡದ್ದನ್ನು ಹೇಳಿದಳು, ಕಾಣದ್ದನ್ನು, ಭಾವ ಆ ದಿಂಡಿನಿಂದ ಹೊಡೆದರೆಂದು, ಊಹಿಸಿದಳು.

ಪೊಲೀಸರು ಭಾವನನ್ನು ಕರೆದುಕೊಂಡು ಹೋದರು. ನನ್ನನ್ನು ಯಾರೋ ಚಳ್ಳಕೆರೆಯ ಬಸ್ಸಿಗೆ ಹತ್ತಿಸಿದರು. ಮನೆಯಲ್ಲಿ ಉಳಿದವರು ಅತ್ತೆಯೊಬ್ಬರೇ. ಆಕೆ ಆಗ ಮಾಡಿದ್ದು ಮಗ್ಗದ ಮನೆಯ ಹೆಂಗಸು ಮಾತ್ರ ಮಾಡುವ ಕೆಲಸ. ಮಗ್ಗದ ಗುಂಡಿ ನಮಗೆ ದೇವರ ಜಾಗ. ಕಾಲಿಳಿಸುವ ಮುಂಚೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅದರೊಳಗೆ ಮನುಷ್ಯನ ನೆತ್ತರು ಬಿದ್ದರೆ ಆ ದಿನವೇ ಮಗ್ಗ ಬಿಚ್ಚಿ, ಗುಂಡಿಗೆ ಮಣ್ಣು ತುಂಬಿ, ಸಗಣಿ ಸಾರಿಸಿ ದೀಪ ಇಡಬೇಕು ಅನ್ನುವುದು ಆ ಮನೆಯವರು ಹಿಂದಿನಿಂದ ನಡೆಸಿಕೊಂಡು ಬಂದ ಪದ್ಧತಿ. ಓಣಿಯ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದರು. ಸಂಜೆಯೊಳಗೆ ಕೆಲಸ ಮುಗಿಯಿತು. ಮರುದಿನ ಪೊಲೀಸರು ಮಹಜರು ಬರೆಯಲು ಬಂದಾಗ ಅಲ್ಲಿದ್ದದ್ದು ಸಾರಿಸಿದ ಸಮತಟ್ಟು ನೆಲ, ಗೋಡೆಗೆ ಒರಗಿಸಿದ ಮಗ್ಗದ ಮರಗಳು. ಕಂಡದ್ದನ್ನು ಬರೆದುಕೊಂಡು ಹೋದರು. ಮಚ್ಚೂ ಆ ಗಲಾಟೆಯಲ್ಲಿ ಎಲ್ಲಿ ಹೋಯಿತೋ, ಅವರಿಗೆ ಸಿಗಲಿಲ್ಲ.

ಅತ್ತೆ ಗುಂಡಿ ಮುಚ್ಚಿದ್ದಾರೆಂದು ತಿಳಿದಾಗ ನಮ್ಮ ವಕೀಲರು ತಲೆಯ ಮೇಲೆ ಕೈಹೊತ್ತು ಕೂತರು. ಸಾಕ್ಷ್ಯ ನಾಶ ಅಂತ ಮುದುಕಿಯ ಮೇಲೂ ಕೇಸು ಬೀಳಬಹುದು, ಆ ಮಾತೇ ಎತ್ತಬೇಡಿ, ಕಾಲು ಜಾರಿ ಬಿದ್ದ ಅಂತಷ್ಟೇ ಹೇಳೋಣ ಅಂದರು. ಜೈಲಿನಲ್ಲಿದ್ದ ಭಾವ ಅದನ್ನೇ ಹಿಡಿದುಕೊಂಡರು. ನಮ್ಮವ್ವನನ್ನು ಕಟಕಟೆ ಹತ್ತಿಸುವುದಾದರೆ ನನಗೆ ವಕೀಲರೇ ಬೇಡ ಎಂದು ಹೇಳಿ ಕಳಿಸಿದರು.

ಚಿತ್ರದುರ್ಗದ ಕೋರ್ಟಿನಲ್ಲಿ ನನ್ನ ಸರದಿ ಬಂದಾಗ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಗುಂಡಿಯನ್ನೂ ಸೇರಿಸಿ. ಸರ್ಕಾರಿ ವಕೀಲರು ಮಹಜರಿನ ಹಾಳೆಯನ್ನು ಎತ್ತಿ ಹಿಡಿದು, ಇದರಲ್ಲಿ ಗುಂಡಿಯೇ ಇಲ್ಲವಲ್ಲ ಅಂದರು. ಇತ್ತು, ಈಗ ಮುಚ್ಚಿದೆ ಅಂದೆ. ಯಾರು ಮುಚ್ಚಿದ್ದು ಎಂದು ಕೇಳಿದರು. ನಾನು ಕಣ್ಣಾರೆ ಕಂಡಿಲ್ಲ ಅಂದೆ. ಅದು ನಿಜ. ಆದರೆ ಭಾವನನ್ನು ಉಳಿಸಲು ನಾದಿನಿ ಕಟ್ಟಿದ ಕಥೆ ಎಂದು ತೀರ್ಪಿನಲ್ಲಿ ಬಂತು. ನಾನು ಸಾವಿನ ಎದುರು ನಿಂತಿದ್ದ ಆ ಮಧ್ಯಾಹ್ನ ಕೋರ್ಟಿನ ಲೆಕ್ಕದಲ್ಲಿ ನಡೆದೇ ಇರಲಿಲ್ಲ. ಭಾವನಿಗೆ ಏಳು ವರ್ಷ ಶಿಕ್ಷೆಯಾಯಿತು.

ಅಪೀಲಿಗೆ ಭಾವ ಸಹಿ ಹಾಕಲಿಲ್ಲ. ಅಪೀಲು ಅಂದರೆ ಮತ್ತೆ ಗುಂಡಿಯ ಮಾತು, ಗುಂಡಿ ಅಂದರೆ ಅವರ ಅವ್ವ. ಅಪೀಲಿನ ಗಡುವು ಮುಗಿದುಹೋಯಿತು. ವರ್ಷವೂ ಕಳೆಯಿತು.

ಆಗ ಬಂತು ಹೇಬಿಯಸ್ಸು. ತಂದವರು ತಳಕಿನ ಒಬ್ಬ ಶೇಂಗಾ ವ್ಯಾಪಾರಿ, ಅಪ್ಪನ ಸ್ನೇಹಿತರು. ಅವರ ಅಣ್ಣನ ಮಗನನ್ನು ಯಾವುದೋ ಊರಿನ ಪೊಲೀಸರು ಕೇಸೇ ಬರೆಯದೆ ಠಾಣೆಯಲ್ಲಿ ಕೂರಿಸಿಕೊಂಡಿದ್ದರಂತೆ. ಬೆಂಗಳೂರಿನಲ್ಲಿ ಈ ಅರ್ಜಿ ಹಾಕಿದ್ದೇ ತಡ, ಹುಡುಗನನ್ನು ಕರೆತಂದು ಬಿಟ್ಟರಂತೆ. ಅವರು ನಮ್ಮ ಪಡಸಾಲೆಯಲ್ಲಿ ಕೂತು ತೊಡೆ ತಟ್ಟಿ ಹೇಳಿದರು: ‘ಸಾಕ್ಷಿ ಇಲ್ಲ, ಸವಾಲು ಇಲ್ಲ, ಏನೂ ಇಲ್ರೀ. ಯಾಕ್ ಹಿಡಿದಿಟ್ಟೀರಿ ಅಂತ ಒಂದೇ ಮಾತು ಕೇಳ್ತಾರೆ. ಉತ್ತರ ಇಲ್ಲಾಂದ್ರೆ ಬಿಟ್ಟುಬಿಡ್ತಾರೆ.’

ಸಾಕ್ಷಿ ಇಲ್ಲ, ಸವಾಲು ಇಲ್ಲ. ನಮಗೆ ಬೇಕಾಗಿದ್ದುದು ಅದೇ. ಅತ್ತೆ ಕಟಕಟೆ ಹತ್ತದೆ, ಗುಂಡಿಯ ಸುದ್ದಿ ಬಾರದೆ ಭಾವ ಮನೆಗೆ ಬರುವ ದಾರಿ. ಭಾವನೂ ಇದಕ್ಕೆ ಹೂಂ ಅಂದರು. ಅಕ್ಕನ ಹೆಸರಿನಲ್ಲಿ ಅರ್ಜಿ ತಯಾರಾಯಿತು. ಬೆಂಗಳೂರಿನ ವಕೀಲರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಇದು ನಿಲ್ಲುವುದು ಕಷ್ಟ, ಶಿಕ್ಷೆಯಾದವರಿಗೆ ಇದರ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಾವು ಕೇಳಿಸಿಕೊಳ್ಳಲಿಲ್ಲ. ಒಂದು ಸಲ ಕೇಳಿ ನೋಡೋಣ ತಾಯಿ ಎಂದು ಅಪ್ಪ ಕೈ ಮುಗಿದರು.

ಹೈಕೋರ್ಟಿನ ಆ ಕೆಂಪು ಕಟ್ಟಡದೊಳಗೆ ಅಕ್ಕ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಇಬ್ಬರು ನ್ಯಾಯಮೂರ್ತಿಗಳು. ನಮ್ಮ ವಕೀಲರು ಎರಡು ಮಾತು ಆಡುವಷ್ಟರಲ್ಲಿ ಸರ್ಕಾರದ ಕಡೆಯವರು ಒಂದು ಹಾಳೆ ಕೊಟ್ಟರು. ಅದು ಚಿತ್ರದುರ್ಗದ ಕೋರ್ಟು ಜೈಲಿಗೆ ಬರೆದ ವಾರಂಟು. ಯಾಕೆ ಹಿಡಿದಿಟ್ಟಿದ್ದೀರಿ ಎಂಬ ಪ್ರಶ್ನೆಗೆ ಅದೊಂದೇ ಹಾಳೆ ಉತ್ತರವಾಗಿತ್ತು. ವಿಚಾರಣೆ ಮಾಡುವ ಅಧಿಕಾರವಿದ್ದ ಕೋರ್ಟು ವಿಚಾರಿಸಿ ಶಿಕ್ಷೆ ಕೊಟ್ಟಿದೆ. ಹಾಗಿರುವಾಗ ಈ ಬಂಧನ ಅಕ್ರಮ ಹೇಗಾಗುತ್ತದೆ ಎಂದು ಹಿರಿಯ ನ್ಯಾಯಮೂರ್ತಿಗಳು ಇಂಗ್ಲಿಷಿನಲ್ಲಿ ಕೇಳಿದರು. ಅಪೀಲು ಹಾಕಿದ್ದಾರೆಯೇ ಅಂದರು. ಇಲ್ಲ ಎಂದು ನಮ್ಮ ವಕೀಲರು ತಲೆ ತಗ್ಗಿಸಿದರು. ಅಷ್ಟರಲ್ಲಿ ಮಗು ರಾಗ ತೆಗೆಯಿತು. ನ್ಯಾಯಮೂರ್ತಿಗಳು ಅಕ್ಕನ ಕಡೆ ನೋಡಿ ಕನ್ನಡಕ್ಕೆ ತಿರುಗಿದರು.

‘ನೋಡಮ್ಮ, ನಿಮ್ಮ ಯಜಮಾನರು ತಪ್ಪು ಮಾಡಿದಾರೋ ಇಲ್ಲವೋ ಅನ್ನೋದನ್ನ ಈ ಅರ್ಜಿಯಲ್ಲಿ ನಾವು ನೋಡೋಕೆ ಬರೋದಿಲ್ಲ. ಅದನ್ನ ನೋಡೋಕೆ ಅಪೀಲು ಅಂತ ಇದೆ. ತಡವಾಗಿದ್ರೂ ಹಾಕಿ. ಯಾಕೆ ತಡವಾಯ್ತು ಅಂತ ಮಾತ್ರ ನಿಜ ಹೇಳಿ.’

ಅರ್ಜಿ ವಜಾ ಆಯಿತು. ನಾವು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅಪ್ಪ ಯಾರನ್ನೋ ಬೈಯುತ್ತಿದ್ದರು, ಯಾರನ್ನೆಂದು ಅವರಿಗೂ ಗೊತ್ತಿರಲಿಲ್ಲ. ನನಗೂ ಅವತ್ತು ಮುಖಕ್ಕೆ ಬಾಗಿಲು ಹಾಕಿದ ಹಾಗೇ ಆಗಿತ್ತು. ತಪ್ಪೇ ಮಾಡದವನನ್ನು ಕೂಡಿಹಾಕಿರುವುದು ಅಕ್ರಮವಲ್ಲದೆ ಇನ್ನೇನು ಎಂದು ವಕೀಲರ ಮೇಲೆ ರೇಗಿದೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ಈ ಅರ್ಜಿ ಯಾವ ಅಧಿಕಾರದಿಂದ ಹಿಡಿದಿಟ್ಟಿರಿ ಎಂದು ಮಾತ್ರ ಕೇಳುತ್ತದೆ. ಆ ಅಧಿಕಾರ ಬಳಸಿದ್ದು ಸರಿಯೋ ತಪ್ಪೋ ಎಂದು ತೂಗುವುದಿಲ್ಲ. ತೂಗಬೇಕಾದರೆ ಸಾಕ್ಷಿಗಳ ಮಾತನ್ನೆಲ್ಲ ಮತ್ತೆ ಓದಬೇಕು, ಅದು ಅಪೀಲಿನ ಕೆಲಸ. ಮತ್ತೆ ಮೆಲ್ಲಗೆ ಕೇಳಿದರು: ‘ತಡವಾದ ಕಾರಣ ನಿಜವಾಗಿ ಏನು?’

ಆ ಕಾರಣ ಮೊಳಕಾಲ್ಮೂರಿನಲ್ಲಿ ಸಗಣಿ ಸಾರಿಸಿದ ನೆಲದ ಕೆಳಗಿತ್ತು. ಅದನ್ನು ಸುತ್ತಿಕೊಂಡು ಹೋಗುವ ಒಂದೇ ದಾರಿ ಅವತ್ತು ಮುಚ್ಚಿಹೋಗಿತ್ತು.

ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ಮನೆಗೆ ಕಾಲಿಡಲು ನನಗೆ ಭಯ. ಹೊಸ್ತಿಲು ದಾಟುವಾಗ ಕಣ್ಣು ತಾನಾಗಿ ಸೀಳಿದ ಕಂಬವನ್ನು ಹುಡುಕುತ್ತಿತ್ತು. ಅತ್ತೆ ಓಣಿಯವರಿಗೆ ರೇಷ್ಮೆ ನೂಲು ಸುತ್ತಿಕೊಟ್ಟು ದಿನ ನೂಕುತ್ತಿದ್ದರು. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಹೆಂಗಸು, ಮಾತು ಬಲು ಹರಿತ. ನಾನು ಹೈಕೋರ್ಟಿನ ವಿಷಯ ಹೇಳಿದೆ, ಅಪೀಲಿನ ವಿಷಯ ಹೇಳಿದೆ. ಕೊನೆಗೆ, ನೀವು ಗುಂಡಿ ಮುಚ್ಚಿದ್ದನ್ನು ಹೇಳಿದರೆ ನಿಮ್ಮ ಮೇಲೆ ಕೇಸಾಗಬಹುದೆಂದು ಭಾವ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಾರೆ ಎಂದೂ ಹೇಳಿದೆ.

ಅತ್ತೆಯ ಕೈಯಲ್ಲಿ ತಿರುಗುತ್ತಿದ್ದ ರಾಟೆ ನಿಂತಿತು.

‘ನನಗೋಸ್ಕರನಾ?’

‘ಹೂಂ ಅತ್ತೆ.’

‘ಗುಂಡಿ ಮಾತೆತ್ತಿದ್ರೆ ಕೊಲೆ ಮುಚ್ಚಿಟ್ಟ ಅಂತ ಮಗನ್ನ ನೇಣಿಗೆ ಹಾಕ್ತಾರೆ ಅಂದ್ಕೊಂಡು ನಾನು ಬಾಯಿ ಮುಚ್ಕೊಂಡೀನಿ. ನನ್ನ ಜೈಲಿಗೆ ಹಾಕ್ತಾರೆ ಅಂತ ಅವ್ನು ಮುಚ್ಕೊಂಡಾನೆ. ಇಷ್ಟು ಜನ ಓದಿದೋರು ಇದ್ದೀರಿ ಅಮ್ಮಾಯಿ, ಒಬ್ಬರಾದ್ರೂ ನನ್ನ ಕೇಳಿದ್ರಾ?’

ನಿಜಕ್ಕೂ ಯಾರೂ ಕೇಳಿರಲಿಲ್ಲ. ಮೊದಲಿನ ವಕೀಲರು ಗುಂಡಿಯ ಮಾತು ಬೇಡ ಎಂದಿದ್ದರು, ಯಾಕೆಂದು ಅತ್ತೆಗೆ ಹೇಳಿರಲಿಲ್ಲ. ತಾಯಿ ತನಗೆ ತೋಚಿದ ಅರ್ಥ ಮಾಡಿಕೊಂಡಿದ್ದರು, ಮಗ ತನಗೆ ತೋಚಿದ್ದನ್ನು. ಅತ್ತೆ ಎದ್ದು ಮುಖ ತೊಳೆದು ಸೀರೆ ಬದಲಿಸಿದರು. ಬಳ್ಳಾರಿಗೆ ಯಾವ ಬಸ್ಸಿದೆ ಎಂದು ಕೇಳಿದರು.

ಜೈಲಿನ ಭೇಟಿಯ ಕೋಣೆಯಲ್ಲಿ ತಂತಿಬಲೆಯ ಆಚೆ ಭಾವ. ತಾಯಿಯನ್ನು ಕಂಡು ಅವರ ಮುಖ ಅರಳಿತು. ಬಂದ ಕಾರಣ ಕೇಳಿ ಬಾಡಿತು. ಆಗುವುದಿಲ್ಲ ಎಂದರು. ಅರ್ಧ ಶಿಕ್ಷೆ ಹೇಗೂ ಕಳೆಯುತ್ತಾ ಬಂತು, ಉಳಿದದ್ದನ್ನೂ ಕಳೆಯುತ್ತೇನೆ ಅಂದರು. ಅತ್ತೆ ಬಲೆಗೆ ಹತ್ತಿರ ಹೋದರು.

‘ಲೇ, ನೀನು ಒಳಗಿದ್ದು ನನ್ನ ಕಾಯ್ತೀಯೇನೋ? ನಿನ್ನ ಮಗಳು ಅಪ್ಪಾ ಅನ್ನಾಕೆ ಯಾರನ್ನ ನೋಡಿ ಕಲಿಬೇಕು?’

‘ಅವ್ವ, ಆ ವಕೀಲ್ರು ನಿನ್ನ ಏನೇನೋ ಕೇಳ್ತಾರೆ.’

‘ಕೇಳ್ಲಿ. ನಿನ್ನ ಹೆತ್ತಾಗ ಸೂಲಗಿತ್ತಿ ಕೇಳಿದ್ದಕ್ಕಿಂತ ಜಾಸ್ತಿ ಕೇಳ್ತಾರಾ?’

ಪಕ್ಕದಲ್ಲಿ ನಿಂತಿದ್ದ ಕಾವಲಿನವರು ನಗು ತಡೆಯಲಾರದೆ ಆಚೆ ತಿರುಗಿದರು. ಭಾವನೂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಅವತ್ತು ವಕಾಲತ್ತಿಗೆ ಸಹಿ ಬಿತ್ತು.

ಅಪೀಲಿನ ಜೊತೆ ತಡವಾದ ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆವು. ಹೈಕೋರ್ಟು ತಡವನ್ನು ಮನ್ನಿಸಿತು. ಅತ್ತೆಯ ಸಾಕ್ಷ್ಯ ತೆಗೆದುಕೊಂಡು, ಸ್ಥಳವನ್ನೂ ನೋಡಿ ಕಳಿಸುವಂತೆ ಚಿತ್ರದುರ್ಗದ ಕೋರ್ಟಿಗೆ ಹೇಳಿತು.

ಕಟಕಟೆಯಲ್ಲಿ ನಿಂತ ಅತ್ತೆಯನ್ನು ನೆನೆದರೆ ಈಗಲೂ ನನ್ನ ಎದೆಯುಬ್ಬುತ್ತದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೂಲು ತೂಗಿ ಕೊಳ್ಳುವಾಗಿನ ಮುಖದಲ್ಲಿ ನಿಂತಿದ್ದರು. ನ್ಯಾಯಾಧೀಶರೇ ಮೊದಲು ಎಚ್ಚರಿಸಿದರು: ಇಲ್ಲಿ ಹೇಳುವ ಮಾತು ನಿಮಗೇ ತೊಂದರೆ ತರಬಹುದು, ಗೊತ್ತಿದೆಯೇ ಎಂದು. ಗೊತ್ತೈತೆ ಸ್ವಾಮಿ, ಅದಕ್ಕೇ ಬಂದೀನಿ ಅಂದರು. ಸರ್ಕಾರಿ ವಕೀಲರು, ಪೊಲೀಸರಿಗೆ ಕಾಣಬಾರದೆಂದೇ ಮುಚ್ಚಿದಿರಿ ಅಲ್ಲವೇ ಎಂದು ಒತ್ತಿ ಒತ್ತಿ ಕೇಳಿದರು. ಅತ್ತೆ ಸಿಟ್ಟಾಗಲಿಲ್ಲ.

‘ಪೊಲೀಸ್ನೋರು ನಾಳೆ ಬರ್ತಾರೆ ಅಂತ ನನಗೇನು ಗೊತ್ತು ಸ್ವಾಮಿ? ನನ್ನ ಮನೆ ಮಗ್ಗದ ಗುಂಡೀಲಿ ಒಬ್ಬ ತಾಯಿ ಮಗನ ನೆತ್ತರು ಬಿದ್ದಿತ್ತು. ಅದನ್ನ ಹಂಗೇ ಬಿಟ್ಟು ಹೆಂಗೆ ಉಂಬೋದು? ಮುಚ್ಚಿದ್ದು ನಾನೇ. ಬೇಕಾದ್ರೆ ಬರ್ರಿ, ನಾನೇ ತೆಗೆದು ತೋರಿಸ್ತೀನಿ.’

ಒಬ್ಬ ತಾಯಿ ಮಗ ಅಂದದ್ದು ತನ್ನ ಮಗನ ಮೇಲೆ ಮಚ್ಚೆತ್ತಿದವನನ್ನು. ಸತ್ತವನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಆ ಮಾತು ಕೇಳಿ ಅವಳು ತಲೆ ತಗ್ಗಿಸಿದಳು.

ಸ್ಥಳ ನೋಡಲು ನ್ಯಾಯಾಧೀಶರು ಮೊಳಕಾಲ್ಮೂರಿಗೆ ಬಂದ ದಿನ ಓಣಿ ಪೂರ್ತಿ ನೆರೆದಿತ್ತು. ಹಾಗೆ ಮುಚ್ಚಿದ ಗುಂಡಿಯನ್ನು ಯಾರೂ ಮತ್ತೆ ತೆಗೆದದ್ದಿಲ್ಲ. ಗುದ್ದಲಿ ಹಿಡಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಅತ್ತೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಬ್ಬನ ಕೈಯಿಂದ ಗುದ್ದಲಿ ಇಸಕೊಂಡು ಮೊದಲ ಏಟು ತಾವೇ ಹಾಕಿದರು. ಆಮೇಲೆ ಉಳಿದವರಿಗೆ ಧೈರ್ಯ ಬಂತು. ಸುತ್ತಲಿನ ನೆಲ ಕಲ್ಲಿನಂತೆ ಗಟ್ಟಿ. ತುಂಬಿದ ಮಣ್ಣು ಮಾತ್ರ ಸಡಿಲವಾಗಿ ಎದ್ದು ಬಂತು. ಕಲ್ಲಿನ ಅಂಚು ಕಂಡಿತು. ತುಳಿಯುವ ಹಲಗೆಗಳು ಕಂಡವು. ತಳದಲ್ಲಿ ಗೆದ್ದಲು ತಿಂದು ಉಳಿದ ಈಚಲು ಚಾಪೆಯ ತುಂಡು, ಅವನೊಡನೆ ಬಿದ್ದದ್ದು, ಮುದುರಿಕೊಂಡಿತ್ತು.

ಅದನ್ನು ಕಂಡಾಗ ನಾನು ಗೋಡೆ ಹಿಡಿದು ಕೂತುಬಿಟ್ಟೆ. ಹೆದರಿಕೆಯಲ್ಲಿ ನಾನೇ ಕಲ್ಪಿಸಿಕೊಂಡೆನೋ ಏನೋ ಎಂದು ಒಳಗೊಳಗೇ ಅನುಮಾನ ಶುರುವಾಗಿತ್ತು. ತೀರ್ಪೊಂದು ನಿನ್ನ ಕಣ್ಣು ಸುಳ್ಳು ಎಂದರೆ ಓದಿದವರಿಗೂ ಹಾಗಾಗುತ್ತದೆ. ನಾನು ಕಂಡದ್ದೆಲ್ಲ ಅಲ್ಲಿ, ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣೆದುರು ಬಿದ್ದಿತ್ತು.

ಅತ್ತೆಯ ಮೇಲೆ ಯಾರೂ ಕೇಸು ಹಾಕಲಿಲ್ಲ. ಮುಂದಿನ ವರ್ಷ ಹೈಕೋರ್ಟು ಅಪೀಲನ್ನು ಒಪ್ಪಿ ಶಿಕ್ಷೆ ರದ್ದು ಮಾಡಿತು. ಹೇಬಿಯಸ್ ಅರ್ಜಿ ಅವತ್ತೇ ಗೆದ್ದಿದ್ದರೆ ಭಾವ ಮನೆಗೇನೋ ಬೇಗ ಬರುತ್ತಿದ್ದರು. ಆದರೆ ಕೊಂದವನು ಹೇಗೋ ತಪ್ಪಿಸಿಕೊಂಡು ಬಂದ ಅಂತಲೇ ಊರು ಹೇಳುತ್ತಿತ್ತು. ಅವರು ಕೊಲ್ಲಲಿಲ್ಲ ಎಂದು ಯಾವ ಕೋರ್ಟೂ ಬರೆಯುತ್ತಿರಲಿಲ್ಲ. ಹಾಗಂತ ಆ ಅರ್ಜಿಯ ಮಿತಿಯನ್ನು ನಾನು ಹೊಗಳುವುದಿಲ್ಲ. ಗುಂಡಿ ತೆಗೆಯಲು ಅತ್ತೆಯಂಥವರಿಲ್ಲದ ಮನೆಯ ಕೈದಿ ಆ ಬಾಗಿಲಿನಿಂದ ತಿರುಗಿ ಎಲ್ಲಿಗೆ ಹೋಗಬೇಕು?

ಭಾವ ಬಿಡುಗಡೆಯಾಗುವ ದಿನ ಅಪ್ಪ, ಅಕ್ಕ ಬಳ್ಳಾರಿಗೆ ಹೋದರು. ನಾನು ಅತ್ತೆಯ ಜೊತೆ ಮೊಳಕಾಲ್ಮೂರಿನ ಮನೆಯಲ್ಲಿದ್ದು ತೀರ್ಪನ್ನು ಓದಿ ಹೇಳಿದೆ. ಈ ಹೆಂಗಸಿನ ಮಾತನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದು ಒಂದು ಕಡೆ ಇತ್ತು. ಅದನ್ನು ಇನ್ನೊಂದು ಸಲ ಓದಿಸಿದರು. ಆಮೇಲೆ ಕೇಳಿದರು: ‘ನಿನ್ನ ಮಾತು? ನೀನು ಹೇಳಿದ್ದೂ ನಿಜ ಅಂತ ಬರೆದಾರಾ?’

‘ಬರೆದಾರೆ ಅತ್ತೆ.’

‘ತೋರ್ಸು, ಎಲ್ಲೈತೆ?’

ಓದಲು ಬಾರದ ಅತ್ತೆ ನಾನು ಬೆರಳಿಟ್ಟ ಸಾಲನ್ನು ಬಹಳ ಹೊತ್ತು ನೋಡಿದರು. ಮೇಲೆದ್ದು, ಅವ್ನು ಬರೋ ಹೊತ್ತಿಗೆ ಅನ್ನ ಆಗಬೇಕು ಎಂದು ಒಲೆಯ ಕಡೆ ಹೋದರು.